ಹೆಣ್ಣು ನೋಡಲು ಹೋಗಿ ಸೀಸೆ ನೋಡಿದವನಿಗೆ

ನನ್ನ ಒಡಹುಟ್ಟಿದ ಪುಟ್ಟಸ್ವಾಮಿ,

ಅಕ್ಕ ಬರೆಯುತ್ತಿದ್ದೇನೆ. ನೀನಿಲ್ಲದೆ ಎರಡನೆಯ ದೀಪಾವಳಿಯೂ ಕಳೆಯಿತು. ಮಠದ ಅಯ್ಯನೋರ ಮುಂದೆ ಕೂತು ಓದಿದವಳಲ್ಲ ನಾನು. ನಿನ್ನ ಅಂಗಡಿಯ ಸೀಸೆಗಳ ಮೇಲಿನ ಚೀಟಿಗಳನ್ನು ಕೂಡಿಸಿ ಕೂಡಿಸಿ ಅಕ್ಷರ ಕಲಿತವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಮೊನ್ನೆ ಒಂದು ವಿಷಯ ತಿಳಿಯಿತು. ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಹಾಸನದಲ್ಲಿ ಡಾಕ್ಟರೊಬ್ಬರ ಹತ್ತಿರ ಕಾಂಪೌಂಡರ್ ಕೆಲಸ ಕಲಿತು ಬಂದು, ಹೊಳೆನರಸೀಪುರದಲ್ಲಿ ನೀನು ಔಷಧಿ ಅಂಗಡಿ ತೆರೆದ ಹೊಸತು. ತವರಿನಲ್ಲೇ ಉಳಿದಿದ್ದ ನಾನು ಹಿತ್ತಲಲ್ಲಿ ಸೀಸೆ ತೊಳೆದು ಕುದಿಸಿ ಕೊಡುತ್ತಿದ್ದೆ. ಕಪಾಟಿನಿಂದ ತೆಗೆಯುವಾಗ, ಅಳೆಯುವಾಗ, ತಿರುಗಿ ಇಡುವಾಗ ನೀನು ಔಷಧಿಯ ಹೆಸರು ಓದುತ್ತಿದ್ದೆ, ಆ ಸೀಸೆಯನ್ನು ಅದೇ ದಿನ ಹತ್ತು ಸಲ ಮುಟ್ಟಿದ್ದರೂ. ಕುಡಿಯುವ ಔಷಧಿಗೆ ಒಂದೊಂದು ಹೊತ್ತಿಗೆ ಎಷ್ಟೆಂದು ತೋರಿಸುವ ಗುರುತು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, "ಎಂಗೆ ಕುಡೀತೀಯ, ಒಂದ್ಸಲ ಏಳು" ಎಂದು ಕೇಳದೆ ಯಾರನ್ನೂ ಕಳಿಸಿದವನಲ್ಲ. "ಏನ್ ಸಾ, ಮಗ್ಗಿ ಒಪ್ಪುಸ್ದಂಗೆ ಒಪ್ಪುಸ್ಬೇಕಾ?" ಎಂದು ಸಂತೆಗೆ ಬಂದವರು ಕೆಣಕಿದರೆ, "ಒಪ್ಸಪ್ಪಾ, ಇಲ್ಲಿ ಬೆತ್ತ ಇಲ್ಲ" ಎನ್ನುತ್ತಿದ್ದೆ.

ನೋವಿಗೆ ಹಚ್ಚುವ ಔಷಧಿಗೆ ಮಾತ್ರ ಮೈತುಂಬ ಗೆರೆ ಎದ್ದ ನೀಲಿ ಸೀಸೆಯೇ ಆಗಬೇಕಿತ್ತು ನಿನಗೆ. ಮನೆಯಿಂದ ಬೇರೆ ಸೀಸೆ ತಂದರೂ ಅದರಲ್ಲಿ ಹಾಕಿಕೊಡುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಓದಕ್ಕೆ ಬರ್ದೋರು, ಕಣ್ ಕಾಣ್ದೋರು ಬೆರಳಲ್ಲಿ ತಿಳ್ಕಬೇಕಲ್ವಾ ಅಕ್ಕಾ, ಇದು ಕುಡಿಯೋದಲ್ಲ ಅಂತ" ಅಂದೆ. ಆದರೆ ಆ ಸೀಸೆ ಅಷ್ಟು ಚೆಂದವಿದ್ದರೆ ನಮ್ಮ ಹೆಂಗಸರು ಬಿಟ್ಟಾರೆಯೇ? ಔಷಧಿ ಮುಗಿದದ್ದೇ ತೊಳೆದು ತಲೆಗೆಣ್ಣೆಗೆ, ಹರಳೆಣ್ಣೆಗೆ, ಜೇನಿಗೆ ಇಟ್ಟುಕೊಂಡರು. "ಎಸೆಯಕ್ಕೆ ಮನ್ಸೇ ಬರಾಕಿಲ್ಲ ಕಣಣ್ಣಾ" ಎನ್ನುವವರ ಮುಂದೆ ನೀನು ತಲೆ ಚಚ್ಚಿಕೊಳ್ಳುತ್ತಿದ್ದೆ. ಜೇನಿಗೂ ಅದೇ ಸೀಸೆಯಾದ ಮೇಲೆ ಬೆರಳಿಗೆ ಏನು ಗೊತ್ತಾಗಬೇಕು...

ಅರಕಲಗೂಡಿಗೆ ಕಮಲಳನ್ನು ನೋಡಲು ಹೋದ ದಿನ ನಿನಗೆ ಮೂವತ್ತು ದಾಟಿತ್ತು. ಹಿಂದಿನ ಸಂಬಂಧಗಳು ತಪ್ಪಿಹೋಗಿದ್ದವು. ಇದಾದರೂ ಕೂಡಿಬರಲಿ ಎಂದು ಅವ್ವ ದೇವರಿಗೆ ಮುಡಿಪು ಕಟ್ಟಿದ್ದಳು. ಕಮಲ ಬಂದು ಚಾಪೆಯ ಮೇಲೆ ಕೂತಳು. ಅವಳ ಪುಟ್ಟ ತಮ್ಮ ಕೆಮ್ಮುತ್ತಿದ್ದ. ಕಣ್ಣು ಮಂಜಾದ ಅಜ್ಜಿ ಅವನಿಗೆ ಜೇನು ನೆಕ್ಕಿಸಲೆಂದು ಕಿಟಕಿಯ ಮೇಲೆ ತಡಕಾಡಿದರು. ಅಲ್ಲಿ ಒಂದರ ಪಕ್ಕ ಒಂದು, ಎರಡು ನೀಲಿ ಸೀಸೆ. ನೀನು ಕಾಫಿ ಲೋಟ ಇಟ್ಟವನೇ ಎದ್ದು ಹೋಗಿ ಅಜ್ಜಿಯ ಕೈ ಹಿಡಿದೆ. ಎರಡನ್ನೂ ಮೂಸಿದೆ. ಅಜ್ಜಿಯ ಕೈಯಲ್ಲಿದ್ದದ್ದು ಮಂಡಿಗೆ ಹಚ್ಚುವ ಟರ್ಪೆಂಟೈನ್ ಎಣ್ಣೆ.

"ಹೆಣ್ ನೋಡಕ್ ಬಂದ್ರೋ, ಮನೆ ಜಪ್ತಿ ಮಾಡಕ್ ಬಂದ್ರೋ?" ಎಂದರು ಕಮಲಳ ಅಪ್ಪ. "ಆ ಜೇನೂ ಚೆಲ್ಬುಡಿ, ಸೀಸೇಲಿ ಮೊದ್ಲು ಏನಿತ್ತೋ. ಅಲ್ಲೀಗಂಟ ನಾನು ಕಾಫಿ ಮುಟ್ಟಲ್ಲ" ಎಂದೆ ನೀನು. ಹೆಣ್ಣಿನ ಮನೆಯಲ್ಲಿ ಕುಡಿಯದೆ ಎದ್ದರೆ ಅದಕ್ಕಿಂತ ಅವಮಾನವುಂಟೇ? ಅವ್ವ ನನ್ನ ತೊಡೆ ಹಿಂಡುತ್ತಿದ್ದಳು. ಕಮಲ ಎದ್ದು, ಜೇನನ್ನು ಹಿತ್ತಲಲ್ಲಿ ಚೆಲ್ಲಿ ಬಂದಳು. ಅವಳ ಅಪ್ಪನ ಮುಖ ಇನ್ನಷ್ಟು ಕೆಂಪಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಆಡಿದ್ದು ಒಂದೇ ಮಾತು: "ಆ ಸೀಸೇಗೇ ತಾಳಿ ಕಟ್ಟು ಓಗ್ಲಾ." ಬಹಳ ದಿನ ಆ ಕಡೆಯಿಂದ ಸುದ್ದಿಯಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಒಪ್ಪಿಗೆ ಬಂತು. ಹಾಸನದ ಡಾಕ್ಟರೇ ಕಮಲಳ ಅಪ್ಪನಿಗೆ ಬುದ್ಧಿ ಹೇಳಿರಬೇಕೆಂದು ನೀನು ನಂಬಿದೆ, ನಾವೂ ನಂಬಿದೆವು. ನೀನು ಬದುಕಿದ್ದಷ್ಟು ಕಾಲ ವರ್ಷ ವರ್ಷ ಆ ಡಾಕ್ಟರಿಗೆ ಮಾವಿನಹಣ್ಣು ಹೊತ್ತುಕೊಂಡು ಹೋದೆ. ಅವರೂ ಬೇಡವೆನ್ನಲಿಲ್ಲ.

ಮೊನ್ನೆ ಕಮಲ, ನಾನು ಕೂತು ಸೀಸೆಗಳಿಗೆ ಕಾಗದದ ಪಟ್ಟಿ ಕತ್ತರಿಸುತ್ತಿದ್ದೆವು. ಕಾಯಿದೆ ಪ್ರಕಾರ ರಿಜಿಸ್ಟರಾದ ಕಾಂಪೌಂಡರು ಎದುರಿಗಿಲ್ಲದೆ ಔಷಧಿ ಕೂಡಿಸಿ ಕೊಡುವಂತಿಲ್ಲವಲ್ಲ, ಚನ್ನರಾಯಪಟ್ಟಣದ ಹುಡುಗನೊಬ್ಬ ಈಗ ಅಂಗಡಿಯಲ್ಲಿದ್ದಾನೆ, ಒಳ್ಳೆಯವನು. ಮಾತಿನ ನಡುವೆ ಡಾಕ್ಟರ ಉಪಕಾರ ನೆನೆದೆ. ಕಮಲ ಕತ್ತರಿ ಕೆಳಗಿಟ್ಟು ನಕ್ಕಳು.

"ಡಾಕ್ಟ್ರು ಎಲ್ಲಿ ಬಂದ್ರಕ್ಕಾ? ನಮ್ಮಪ್ಪ ಬ್ಯಾಡ್ವೇ ಬ್ಯಾಡ ಅಂತ ಕೂತಿದ್ರು. ನಾನೇ ಹಟ ಹಿಡ್ದೆ."

"ಅಷ್ಟ್ ಜನದ ಮುಂದೆ ಉಗುಸ್ಕೊಂಡೋನ್ನ?"

"ಬಂದೋರೆಲ್ಲಾ ನನ್ ಮುಖ ನೋಡೋರು. ಇವ್ರು ನಮ್ಮಜ್ಜಿ ಕೈ ನೋಡುದ್ರು. ನಂಗೂ ಮುಂದೆ ಕಣ್ ಮಂಜಾಗ್ತವಲ್ಲ, ಆವಾಗ ಇಂಥೋರ್ ಜೊತೇಲಿದ್ರೆ ಭಯ ಇಲ್ಲ ಅಂದ್ಕೊಂಡೆ."

ಅಷ್ಟು ಹೇಳಿ ಅವಳು ಮತ್ತೆ ಕತ್ತರಿ ಎತ್ತಿಕೊಂಡಳು. ಇದನ್ನು ಅವಳು ನಿನ್ನ ಎದುರಿಗೆ ಹೇಳುವವಳಲ್ಲ, ನೀನು ಕೇಳಿದವನೂ ಅಲ್ಲ. ಕೇಳಿದ್ದರೆ ಹಣ್ಣಿನ ಬುಟ್ಟಿ ಯಾರ ಮುಂದೆ ಇಡುತ್ತಿದ್ದೆಯೋ... ನಾನು ನಿನಗಿಂತ ಹಿರಿಯಳು, ನನ್ನ ಕಣ್ಣೇ ಈಗ ಸೂಜಿಗೆ ದಾರ ಪೋಣಿಸಲಾರದು. ಅವಳ ಕಣ್ಣು ಮಂಜಾಗುವ ಹೊತ್ತಿಗೆ ನಾನಿರುವುದು ಯಾವ ನಂಬಿಕೆ? ಇರುವಷ್ಟು ದಿನ ಅವಳ ಕೈ ಎತ್ತ ಹೋಗುತ್ತದೆಂದು ನೋಡುತ್ತಿರುತ್ತೇನೆ, ಪುಟ್ಟಸ್ವಾಮಿ.

ನಿನ್ನ ಅಕ್ಕ