ಎರಡು ಕಾರ್ಟ್ರಿಜ್, ಇಪ್ಪತ್ತಿಪ್ಪತ್ತು ತಾಸು

ಮಾರ್ಚ್ 3, ಮಧ್ಯಾಹ್ನ 3.20
ಟಕ್... ಟಕ್... ಎಚ್ಚರವಾಯಿತು. ರೆಕಾರ್ಡ್ ಮುಗಿದು ಸೂಜಿ ಕೊನೆಯ ಗೆರೆಯಲ್ಲೇ ಸುತ್ತುತ್ತಿತ್ತು. ಕೂತಲ್ಲೇ ಕಣ್ಣು ಹತ್ತಿತ್ತು — ರಾತ್ರಿ ನಿದ್ದೆಯಿಲ್ಲ. ನೀಲಾ ಸ್ಪೀಕರಿನ ಪಕ್ಕದಲ್ಲೇ ಮಲಗಿದ್ದಾಳೆ. ಎಂಟು ತಿಂಗಳ ಕೂಸು. ಅಲುಗಿಲ್ಲ.

ಇವರು ಪುಣೆಗೆ ಹೋಗಿ ಐದು ದಿನ. ಯಾರದೋ ದೊಡ್ಡ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಜೋಡಿಸುವ ಕೆಲಸ. ನನಗೆ ಬಿಟ್ಟದ್ದು: ಗಿರಾಕಿಯ ಎರಡು ದುಬಾರಿ ಕಾರ್ಟ್ರಿಜ್, ಪ್ಲೇಯರಿನ ಸೂಜಿ ಕೂರುವ ಪುಟ್ಟ ತಲೆ. ಒಂದೊಂದನ್ನೂ ಇಪ್ಪತ್ತು ತಾಸು ಓಡಿಸಿ ಪಳಗಿಸಬೇಕು. ಒಂದೇ ರೆಕಾರ್ಡ್, ಒಂದೇ ವಾಲ್ಯೂಮ್. ಕೇಳಿದ್ದು ಬರೆದು ಸಂಜೆ ಫೋಟೋ ಕಳಿಸಬೇಕು.

ಮೊದಲನೆಯದು, 'ಎ' — ತಂತಿಗೆ ಉಗುರು ತಾಗಿದ್ದೂ ಕೇಳುತ್ತದೆ. ಹಾಡುವವರು ಉಸಿರು ಎಳೆದದ್ದೂ. ತಬಲಾ ತೆಳು.

ಮಾರ್ಚ್ 5
'ಬಿ' ಹಾಕಿದೆ. ಉಸಿರು ಮಸುಕು. ತಬಲಾದ ಎಡಗೈ ಮಾತ್ರ ಎದೆಗೇ ಬಡಿಯುತ್ತದೆ. ನೀಲಾ ನಕ್ಕಳು! 'ಎ'ಗೆ ಒಮ್ಮೆಯೂ ತಿರುಗದವಳು ಕೈ ಬಡಿದಳು. ಅತ್ತೆ ಗೆದ್ದವರಂತೆ ಹೇಳಿದರು, "ನೋಡವಾ, ಕೇಳಸ್ತದ ಕೂಸಿಗೆ. ಭಾಳ ಓದೀದಿ, ಅದಕ್ಕ ಇಲ್ಲದ್ದೆಲ್ಲಾ ಕಾಣಸ್ತದ ನಿನಗ."

'ಬಿ' ಚಲೋ ಎಂದು ಬರೆದು ಕಳಿಸಿದೆ. ಇಷ್ಟು ಬೇಗ ತೀರ್ಪು ಕೊಡಬಾರದು ಅಂತ ಇವರ ಮೆಸೇಜ್. ನೀಲಾ ಹೇಗಿದ್ದಾಳೆ ಅಂತ ಕೇಳಿಲ್ಲ.

ಮಾರ್ಚ್ 9, ಸಂಜೆ 7
ತೊಟ್ಟಿಲಲ್ಲಿದ್ದಳು. ಅದೇ ರೆಕಾರ್ಡ್, ಅದೇ 'ಬಿ'. ತಿರುಗಲಿಲ್ಲ. ಮಡಿಲಲ್ಲಿಟ್ಟುಕೊಂಡೆ — ಇಲ್ಲ. ಕೆಳಗೆ ಬಿಟ್ಟ ಕೂಡಲೇ ನಗು.

ನಮ್ಮ ಅಟ್ಟದ ನೆಲ ಹಲಗೆಯದು. ಅಂಗೈ ಊರಿ ನೋಡಿದೆ. ತಬಲಾದ ಪೆಟ್ಟಿಗೆ ಹಲಗೆ ನಡುಗುತ್ತಿತ್ತು.

ರಾತ್ರಿ 8.40
ಕಿವಿ ಡಾಕ್ಟರು ಗದಗಿಗೆ ತಿಂಗಳಿಗೊಮ್ಮೆ ಬರುವುದು. ವಿಚಾರಿಸಿದೆ: ನಾಳೆಯೇ. ಗಜೇಂದ್ರಗಡದಿಂದ ಆರರ ಬಸ್ಸು ಹಿಡಿಯಬೇಕು. ಅತ್ತೆ ಒಪ್ಪುತ್ತಿಲ್ಲ. "ನನ್ನ ಮಗ ಅಮೋಘಸಿದ್ದ ಹೇಳ್ಲಿ, ನಾನ ಕೂಸಿನ್ನ ಎತಗೊಂಡು ಬರ್ತೀನಿ. ಅವನೂ ಮೂರು ವರ್ಷ ಆಗೂತನಕ ಮಾತಾಡಿದ್ದಿಲ್ಲ. ಈಗ ಮಂದೀಗೆ ಸಪ್ಪಳ ಕೇಳಸೂದ ಅವನ ಕೆಲಸ."

ಇವರಿಗೆ ಏಳು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ರೆಕಾರ್ಡ್ ಕೇಳಲು ಕೂತಾಗ ಫೋನ್ ಆಫ್ ಮಾಡುವುದು ಇವರ ರೂಢಿ. ಯಾರಿಗೂ ತೋರಿಸದ ಡೈರಿಯ ಪುಟ ಇದು, ಫೋಟೋ ತೆಗೆದು ಕಳಿಸುತ್ತೇನೆ. ಕಾರ್ಟ್ರಿಜ್ ವರದಿ ಅಂತಲಾದರೂ ತೆರೆಯುತ್ತಾರೆ.

ರೀ, ಯಾವುದು ಚಲೋ ಅಂತ ಇನ್ನು ನನ್ನ ಕೇಳಬೇಡಿ. ನನಗೆ ಗೊತ್ತಿಲ್ಲ. ಅತ್ತೆಗೆ ಒಂದೇ ಒಂದು ಮಾತು ಹೇಳಿ, 'ಹೋಗಿ ಬರ್ರಿ' ಅಂತ. ಎಷ್ಟೊತ್ತಾದರೂ ಸರಿ, ಎದ್ದೇ ಇರುತ್ತೇನೆ. ಬೆಳಗಾಗುವುದರೊಳಗೆ ಫೋನ್ ಮಾಡಿ, ಕೈ ಮುಗಿಯುತ್ತೇನೆ, ಒಂದು ಸಲ...