ಸಣ್ಣ ಕಾರಿನ ಅಳತೆ

ಹದಿನಾಲ್ಕನೇ ತಾರೀಖು, ಮಂಗಳವಾರ
ಅಂಗಡಿಯಿಂದ, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

ಹೀಗೆ ಕರೆದೆನೆಂದು ಬೇಜಾರು ಮಾಡಿಕೊಳ್ಳಬೇಡ. ಮೊದಲು ಕರೆಯುತ್ತಿದ್ದ ಹಾಗೆ ಬರೆಯೋಣವೆಂದು ಪೆನ್ನು ಊರಿದೆ, ಕೈ ಓಡಲಿಲ್ಲ. ಮೂರು ವರ್ಷದಿಂದ ನಮ್ಮಿಬ್ಬರ ಮಾತೆಲ್ಲ ಫೋನಿನಲ್ಲಿ, ಅದೂ ಭಾನುವಾರ, ಅದೂ ಮಗಳ ಕೈಗೆ ಫೋನು ದಾಟಿಸುವ ಮೊದಲಿನ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲೂ ಜಗಳ ಮುಗಿಸುವಷ್ಟು ಜಾಣರು ನಾವು. ಅದಕ್ಕೇ ಈ ಕಾಗದ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ವಿಷಯ ಕಾರಿನದು. ಹಳೆಯದು ಹೋದ ತಿಂಗಳು ಆಸ್ಪತ್ರೆಯ ಮುಂದಿನ ಏರಿನಲ್ಲಿ ನಿಂತೇಬಿಟ್ಟಿತು. ಹಿಂದಿನ ಸೀಟಿನಿಂದ ಗುಬ್ಬಿ, ಇದಕ್ಕೂ ನನ್ನ ಕಾಲಿನ ಕಥೇನೇ ಆಯ್ತು ನೋಡಮ್ಮ ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದೆ ನಿಂತಿದ್ದವರೆಲ್ಲ ಹಾರ್ನ್ ಬಾರಿಸುತ್ತಿದ್ದರು, ಹಾಗಾಗಿ ಎರಡಕ್ಕೂ ಪುರುಸೊತ್ತು ಸಿಗಲಿಲ್ಲ.

ನಮ್ಮ ಓಡಾಟ ದಿನಕ್ಕೆ ಮೂವತ್ತನಾಲ್ಕು ಕಿಲೋಮೀಟರ್. ಮನೆ, ಶಾಲೆ, ಅಂಗಡಿ, ಮತ್ತೆ ಶಾಲೆ, ಕಾಲಿನ ವ್ಯಾಯಾಮದ ಕೇಂದ್ರ, ಮನೆ. ಇಷ್ಟಕ್ಕೆ ಕರೆಂಟಿನ ಪುಟ್ಟ ಕಾರೇ ಸರಿ ಎಂದು ನೀನು ಹೇಳಿದ್ದೆ. ಒಪ್ಪಿದ್ದೇನೆ. ನಿನ್ನ ಮಾತನ್ನು ನಾನು ಒಪ್ಪಿದ ತಾರೀಖನ್ನು ಎಲ್ಲಾದರೂ ಬರೆದಿಟ್ಟುಕೋ. ಅಂಗಡಿಯ ಶಟರ್ ಪಕ್ಕದ ಕಂಬದ ಬಳಿ ಚಾರ್ಜಿಂಗ್ ಪೆಟ್ಟಿಗೆ ಹಾಕಿಸಿಕೊಳ್ಳಲು ಕಟ್ಟಡದವರೂ ಹೂಂ ಅಂದಿದ್ದಾರೆ.

ನೀನು ಕಳಿಸಿದ ಪಟ್ಟಿಯನ್ನು ನೋಡಿದೆ. ಲಿಫ್ಟ್ ರಿಪೇರಿ ಮಾಡುವವನ ಬುದ್ಧಿ ಎಲ್ಲಿ ಹೋಗುತ್ತದೆ. ಒಂದು ಚಾರ್ಜಿಗೆ ಎಷ್ಟು ದೂರ, ತುಂಬಲು ಎಷ್ಟು ಗಂಟೆ, ಎಷ್ಟು ಭಾರ ಹೊರುತ್ತದೆ, ಎಲ್ಲ ಅಚ್ಚುಕಟ್ಟಾಗಿತ್ತು. ಮಗಳನ್ನು ಎತ್ತಿ ಕೂರಿಸುವಾಗ ನನ್ನ ಸೊಂಟ ಎಷ್ಟು ಬಗ್ಗಬೇಕು ಎನ್ನುವ ಸಾಲು ಮಾತ್ರ ಇರಲಿಲ್ಲ. ಅದು ನಿನ್ನ ತಪ್ಪಲ್ಲ. ಅವಳನ್ನು ಎತ್ತಬೇಕಾಗಿದೆ ಎಂದು ನಾನು ನಿನಗೆ ಹೇಳಿರಲೇ ಇಲ್ಲ. ಗೋಡೆ ಹಿಡಿದು ನಡೆಯುತ್ತಾಳೆ ಎಂದು ಪ್ರತಿ ಭಾನುವಾರ ಹೇಳುತ್ತಾ ಬಂದೆ. ಗಾಲಿಕುರ್ಚಿ ಮನೆಗೆ ಬಂದು ಎರಡು ತಿಂಗಳಾಯಿತು. ನಿನ್ನ ವಿಡಿಯೋ ಕರೆ ಬರುವ ಹೊತ್ತಿಗೆ ಅದನ್ನು ಬಾಗಿಲ ಹಿಂದೆ ತಳ್ಳಿ, ಮೇಲೊಂದು ಹೊದಿಕೆ ಹಾಕುತ್ತಿದ್ದೆ. ಹೊದಿಕೆ ಹೊಲಿದವಳೂ ನಾನೇ.

ಶೋರೂಮಿಗೆ ನನ್ನ ಟೇಪು ತೆಗೆದುಕೊಂಡೇ ಹೋದೆ. ಅಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕಾರು ತೋರಿಸಿದಳು. ಒಂದು ಚಿಕ್ಕದು, ಇನ್ನೊಂದು ಅದಕ್ಕಿಂತ ಒಂದು ಗೇಣು ಉದ್ದ, ತುಸು ಎತ್ತರ. ಅವಳು ಬ್ಯಾಟರಿ ಬಗ್ಗೆ ಹೇಳುತ್ತಿದ್ದರೆ ನಾನು ಡಿಕ್ಕಿಯೊಳಗೆ ತಲೆ ಹಾಕಿ ಅಳೆಯುತ್ತಿದ್ದೆ. ನಿಂಗೆ ಟೇಪು ಸಿಕ್ರೆ ಆಕಾಶಾನೂ ಬಿಡಲ್ಲ ಅಂತ ಗುಬ್ಬಿ ರೇಗಿಸಿದಳು. ಚಿಕ್ಕದರ ಡಿಕ್ಕಿಯೊಳಗೆ ಅಗಲ, ಆಳ ಎಲ್ಲ ಸಾಕಾಗಿತ್ತು. ಮಡಚಿದ ಕುರ್ಚಿ ಸಲೀಸಾಗಿ ಕೂರುತ್ತದೆ ಎಂದು ಜಂಬದಿಂದ ಹೇಳಿದೆ. ತಂದು ಇಡಲು ಹೋದರೆ ಒಳಕ್ಕೇ ಹೋಗಲಿಲ್ಲ. ನಾನು ಒಳಗಿನ ಅಳತೆ ತೆಗೆದಿದ್ದೆನೇ ಹೊರತು ಬಾಯಿಯ ಅಳತೆ ತೆಗೆದಿರಲಿಲ್ಲ. ಇಪ್ಪತ್ತೆರಡು ವರ್ಷ ಬಟ್ಟೆ ಹೊಲಿದವಳು, ಎದೆ ಸುತ್ತಳತೆ ಹಿಡಿದು ಕೊರಳು ಮರೆತಂತಾಯಿತು. ಆ ಹುಡುಗಿ ಬೇರೆ ಕಡೆ ನೋಡಿದಳು. ಗುಬ್ಬಿ ಮಾತ್ರ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೆಂದರೆ, ಬೇಕೆಂದೇ ಇನ್ನೊಂದು ಸಲ ತಪ್ಪು ಅಳೆಯೋಣ ಅನ್ನಿಸಿತು.

ಉದ್ದದ ಕಾರಿನಲ್ಲಿ ಕುರ್ಚಿ ಇಡಿಯಾಗಿ ಹೋಗುತ್ತದೆ. ಚಿಕ್ಕದರಲ್ಲಾದರೆ ಗಾಲಿ ಬಿಚ್ಚಿ, ಹಿಂದಿನ ಅರ್ಧ ಸೀಟು ಮಡಚಿ, ಪಕ್ಕದ ಬಾಗಿಲಿಂದ ತೂರಿಸಬೇಕು. ಆದರೂ ಗುಬ್ಬಿ ಚಿಕ್ಕದೇ ಬೇಕೆಂದು ಹಠ ಹಿಡಿದಳು. ಯಾಕೆ ಎಂದರೆ ಬಣ್ಣ ಚೆನ್ನಾಗಿದೆ ಅಂದಳು. ಬೂದು ಬಣ್ಣ. ಹನ್ನೊಂದು ವರ್ಷದ ಹುಡುಗಿಗೆ ಬೂದು ಬಣ್ಣ ಯಾವಾಗಿನಿಂದ ಇಷ್ಟವಾಯಿತೋ. ಆಮೇಲೆ, ಹಿಂದೆ ನೋಡೋ ಕ್ಯಾಮೆರಾ ಇರೋದು ಅದರಲ್ಲೇ ಅಲ್ವಾ ಅಂದಳು. ಉದ್ದದರಲ್ಲಿ ಕ್ಯಾಮೆರಾ ಇರುವುದು ಬೇಕಾದರೆ ಐದು ತಿಂಗಳು ಕಾಯಬೇಕಂತೆ. ನನಗ್ಯಾಕೆ ಕ್ಯಾಮೆರಾ, ನೀನಿದ್ದೀಯಲ್ಲ ಅಂದೆ. ನಾನು ರಿವರ್ಸ್ ತೆಗೆಯುವ ಚಂದ ನಿನಗೆ ಗೊತ್ತೇ ಇದೆ. ಅಂಗಡಿ ಮುಂದೆ ನಿಲ್ಲಿಸುವಾಗ ಗುಬ್ಬಿ ಹಿಂದೆ ತಿರುಗಿ ಕೂತು, ಬರಲಿ, ಬರಲಿ, ಇನ್ನೂ ಬರಲಿ, ಸಾಕು ಅನ್ನುತ್ತಾಳೆ. ಅವಳು ಸಾಕು ಅಂದಮೇಲೆ ಒಂದು ಸಲವೂ ಕಂಬಕ್ಕೆ ತಾಗಿಸಿಲ್ಲ. ಅವಳಿಲ್ಲದ ದಿನ ಎರಡು ಸಲ ತಾಗಿಸಿದ್ದೇನೆ. ನೀನಿದ್ದೀಯಲ್ಲ ಅಂದದ್ದಕ್ಕೆ ಅವಳು ಮುಖ ಊದಿಸಿಕೊಂಡು ಕೂತಳು.

ಸೀಟನ್ನೂ ಅಳೆದೆ. ಅವಳ ಮೊಣಕಾಲಿನಿಂದ ಮುಂದಿನ ಸೀಟಿಗೆ ಎಷ್ಟು ಜಾಗ ಎಂದು ಚೀಟಿಯಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಎರಡಿಂಚು ಕೂಡಿಸಿದೆ. ಶಾಲೆಯ ಸಮವಸ್ತ್ರ ಹೊಲಿಯುವ ಕೈಗೆ ಅದೇ ಅಭ್ಯಾಸ. ಬೆಳೆಯುವ ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಎರಡಿಂಚು ಒಳಮಡಿಕೆ ಬಿಡಬೇಕು, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲು. ಗುಬ್ಬಿ ಚೀಟಿ ನೋಡಿ ಎರಡಿಂಚು ಯಾಕೆ ಎಂದು ಕೇಳಿದಳು. ನೀನು ಬೆಳೀತೀಯಲ್ಲ ಅಂದೆ. ಚೀಟಿ ಮಡಚಿ ನನ್ನ ಕೈಗೆ ಕೊಟ್ಟು, ಬಿಡು, ಕಾರಲ್ವಾ, ಬಟ್ಟೆ ಏನೂ ದಂಡ ಆಗಲ್ಲ ಅಂದಳು. ಆ ಮಾತು ನನ್ನ ಎದೆಗೆ ನಾಟಿಕೊಂಡಿದೆ, ಹೊರಗೆ ಬರುತ್ತಿಲ್ಲ.

ಈಗ ನಿಜವಾಗಿ ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂದು ಆ ಹುಡುಗಿಯನ್ನು ಕೇಳಿದೆ. ಎಲ್ಲರೂ ಕೇಳುವ ಪ್ರಶ್ನೆಯೇ. ಎಂಟು ವರ್ಷ ಗ್ಯಾರಂಟಿ ಅಂದಳು. ಕೇಳಿದ ತಕ್ಷಣ ನನಗೆ, ಗುಬ್ಬಿಯ ಕಾಯಿಲೆಯ ಹೆಸರು ಹೇಳಿದ ಡಾಕ್ಟರ ಕೋಣೆ ಕಣ್ಣಮುಂದೆ ಬಂತು. ನೀಲಿ ಪರದೆ, ಗೋಡೆಯ ಮೇಲೆ ಮಾಂಸಖಂಡಗಳ ಚಿತ್ರ. ನೀನು ಕುರ್ಚಿಯ ಅಂಚಿಗೆ ಸರಿದು ಕೂತು, ಎಷ್ಟು ವರ್ಷ ಡಾಕ್ಟರೇ ಎಂದು ಕೇಳಿದೆ. ನಾನು ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಓಡಿದೆ. ಹೆತ್ತ ಮಗುವಿಗೆ ಲೆಕ್ಕ ಹಾಕ್ತೀಯಾ, ನೀನೂ ಒಬ್ಬ ಅಪ್ಪನಾ ಎಂದು ಆಮೇಲೆ ಒಂದು ತಿಂಗಳು ನಿನ್ನನ್ನು ಚುಚ್ಚಿದೆ. ನೀನು ಊಟದ ಮೇಜಿಗೆ ಬಂದರೆ ನಾನು ಎದ್ದು ಹೋಗುತ್ತಿದ್ದೆ. ನೀನು ಮುಂದೇನು ಮಾಡಬೇಕೋ ಯೋಚಿಸೋಣ ಅಂದಾಗಲೆಲ್ಲ ಹೊಲಿಗೆ ಮಿಷನ್ನಿನ ಸದ್ದು ಜೋರು ಮಾಡುತ್ತಿದ್ದೆ. ಕಷ್ಟ ಬಂದ ಕೂಡಲೇ ಬಿಟ್ಟು ಓಡಿದ ಎಂದು ನಿನ್ನ ಬಗ್ಗೆ ಎಲ್ಲರ ಹತ್ತಿರ ಹೇಳಿಕೊಂಡಿದ್ದೇನೆ. ನನ್ನ ಅಕ್ಕನಿಗೆ, ಅಂಗಡಿಗೆ ಬರುವ ತಾಯಂದಿರಿಗೆ, ಕೊನೆಗೆ ಗುಬ್ಬಿಗೂ. ಬಾಗಿಲು ತೆಗೆದು ಹೋಗು ಎಂದವಳು ನಾನು. ಅದನ್ನು ಯಾರಿಗೂ ಹೇಳಿಲ್ಲ.

ಎಂಟು ವರ್ಷ ಎಂದು ಕೇಳಿದಾಗ ಮೊದಲ ಬಾರಿಗೆ ನಾನೂ ಲೆಕ್ಕ ಹಾಕಿದೆ. ಹನ್ನೊಂದು, ಎಂಟು, ಹತ್ತೊಂಬತ್ತು. ಬ್ಯಾಟರಿ ಅವಳಿಗಿಂತ ಮೊದಲು ಮುಗಿಯುತ್ತದೆಯೋ, ಅವಳೇ... ಮುಂದೆ ಬರೆಯಲಾರೆ. ನಿನಗೆ ಗೊತ್ತು. ಮೂರು ವರ್ಷದಿಂದ ನೀನೊಬ್ಬನೇ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುತ್ತಿದ್ದೀಯ. ಅದೆಷ್ಟು ಭಾರ ಎಂದು ಆ ದಿನ ಶೋರೂಮಿನಲ್ಲಿ ನಿಂತಾಗ ಅರ್ಥವಾಯಿತು. ಕೇಳುತ್ತಿದ್ದೇನೆ. ಎಂಟು ಹೆಚ್ಚೋ, ಕಡಿಮೆಯೋ? ಒಂದೇ ಪದ ಬರೆದು ಕಳಿಸು, ಸಾಕು.

ಕಾರು ಉದ್ದದ್ದೇ ಎಂದು ತೀರ್ಮಾನ ಮಾಡಿ ಹೇಳಿ ಬಂದಿದ್ದೇನೆ. ಗುಬ್ಬಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕುರ್ಚಿಯ ಗಾಲಿ ದಿನಕ್ಕೆ ಆರು ಸಲ ಬಿಚ್ಚಿ ಜೋಡಿಸುವುದು ಅವಳಿಗೇನು ಗೊತ್ತು, ಎರಡು ದಿನ ಹೋದರೆ ಸರಿಹೋಗುತ್ತಾಳೆ. ಈ ಶನಿವಾರದ ಮುಂದಿನ ಶನಿವಾರ ಬೆಳಿಗ್ಗೆ ಕಾರು ಕೊಡುತ್ತಾರೆ. ಬರಲು ಆಗುತ್ತದೆಯೇ ಎಂದು ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳಿದ್ದೇನೆ.

ಇನ್ನು ಬರೆಯಲು ಕೈ ಸೋತಿದೆ.

ಗುಬ್ಬಿಯ ಅಮ್ಮ

ಬುಧವಾರ ಬೆಳಿಗ್ಗೆ ಸೇರಿಸಿದ್ದು: ಅಂಚೆಗೆ ಹಾಕಲು ಹೊರಟಿದ್ದೆ, ಶೋರೂಮಿನ ಹುಡುಗಿ ಫೋನು ಮಾಡಿದಳು. ಹೇಳಬಾರದು ಅಂತ ನಿಮ್ಮ ಮಗಳು ಮಾತು ತಗೊಂಡಿದ್ಳು ಮೇಡಂ, ಆದ್ರೆ ನಂಗೆ ತಡೆಯೋಕಾಗ್ತಿಲ್ಲ ಅಂದಳು. ನಾನು ಡಿಕ್ಕಿಯೊಳಗೆ ತಲೆ ಹಾಕಿದ್ದಾಗ ಗುಬ್ಬಿ ಅವಳನ್ನು ಹತ್ತಿರ ಕರೆದು ಕೇಳಿದ್ದಳಂತೆ: ಅಮ್ಮ ಒಬ್ಬಳೇ ಇದ್ದಾಗ ಯಾವುದು ನಿಲ್ಲಿಸೋಕೆ ಸುಲಭ? ಒಬ್ಬರೇ ಯಾಕೆ, ನೀನಿರ್ತೀಯಲ್ಲ ಎಂದು ಶೋರೂಮಿನವಳು ನಕ್ಕಿದ್ದಾಳೆ. ಈಗ ಇರ್ತೀನಿ, ಆಮೇಲೆ ಅವಳಿಗೆ ಸಾಕು ಅಂತ ಹೇಳೋರು ಯಾರೂ ಇರಲ್ಲ, ಕ್ಯಾಮೆರಾ ಇದ್ರೆ ಕಂಬಕ್ಕೆ ತಾಗಿಸಲ್ಲ ಅಂದಳಂತೆ.

ಇಪ್ಪತ್ತೆರಡು ವರ್ಷದಿಂದ ಊರಿನವರ ಅಳತೆ ತೆಗೆದವಳು ನಾನು. ನನ್ನ ಅಳತೆಯನ್ನು ಯಾರೋ ತೆಗೆದದ್ದು ಇದೇ ಮೊದಲು. ಚಿಕ್ಕದಕ್ಕೇ ಹೇಳಿದ್ದೇನೆ, ಬೂದು ಬಣ್ಣದ್ದು. ಬಣ್ಣ ನನಗೂ ಹಿಡಿಸಿತು ಎಂದು ಗುಬ್ಬಿಗೆ ಹೇಳಿದೆ. ನಂಬಿದವಳ ಹಾಗೆ ತಲೆಯಾಡಿಸಿದಳು.

ಮೇಲೆ ಕೇಳಿದ್ದಕ್ಕೆ ಉತ್ತರ ಬರೆಯಬೇಡ. ಬಂದು ಪಕ್ಕದಲ್ಲಿ ಕೂತು ಹೇಳು, ಕಿವಿ ಮುಚ್ಚಿಕೊಳ್ಳುವುದಿಲ್ಲ. ನಮ್ಮ ಮೂವರಲ್ಲಿ ಗೊತ್ತಿಲ್ಲದೆ ಉಳಿದವಳು ನಾನೊಬ್ಬಳೇ.