ಐನಾರನ ಪಕ್ಕದ ಜಾಗ

ಉತ್ತರ ಡಕೋಟಾ
ಫೆಬ್ರವರಿ, ಸೋಮವಾರ

ಮೈದುನ ಸಿಗುರ್ಡ್‌ಗೆ,

ನನ್ನ ಗಂಡ ಯೋಸೆಫ್ ಶನಿವಾರ ತೀರಿಕೊಂಡ. ಊಟ ಕಳಿಸಿದ್ದಕ್ಕೆ ನಿನ್ನ ಹೆಂಡತಿಗೆ ನನ್ನ ಕೃತಜ್ಞತೆ ಹೇಳು.

ನಿನ್ನೆ ಫೋನಿನಲ್ಲಿ ನೀನು, "ಅತ್ತಿಗೆ, ಅದು ನಾರ್ವೆಯಿಂದ ಬಂದ ನಮ್ಮ ಹಿರೀಕರ ಸ್ಮಶಾನ. ಇಷ್ಟು ವರ್ಷ ಅಲ್ಲಿ ಹುಲ್ಲು ಕೊಯ್ದ ಅಂತ ಬೊಹೀಮಿಯಾದವನಿಗೆ ಜಾಗ ಕೊಡೋಕಾಗುತ್ತಾ?" ಅಂದೆ. ವಾದಿಸುವ ತ್ರಾಣ ನನಗಿಲ್ಲ. ನಿನ್ನಜ್ಜಿಯ ಕೂಸಿಗೆ ಅಲ್ಲಿ ಮೊದಲ ಗುಂಡಿ ತೋಡಿದಾಗ ಚರ್ಚೂ ಇರಲಿಲ್ಲ, ನಿಯಮವೂ ಇರಲಿಲ್ಲ. ಈಗ ಚರ್ಚು ಮುಚ್ಚಿದೆ, ನಿಯಮ ಮಾತ್ರ ಉಳಿದಿದೆ.

ಆ ನಿಯಮದಂತೆ ನಿನ್ನಣ್ಣ, ನನ್ನ ಮೊದಲ ಗಂಡ ಐನಾರನ ಪಕ್ಕದ ಜಾಗ ನನ್ನದು. ಅವನನ್ನು ಮಣ್ಣು ಮಾಡಿದಾಗಲೇ ಕಲ್ಲಿನ ಮೇಲೆ ನನ್ನ ಹೆಸರನ್ನೂ ಕೆತ್ತಿಸಿದಿರಿ, ಸಾಯುವ ವರ್ಷಕ್ಕೆ ಜಾಗ ಬಿಟ್ಟು. ಆಗ ನನಗೆ ಇಪ್ಪತ್ತೊಂಬತ್ತು. ಆಮೇಲೆ ನನ್ನ ಕೈಹಿಡಿದ ಯೋಸೆಫ್ ಪ್ರತಿ ಬೇಸಿಗೆಯಲ್ಲೂ ಆ ಕಲ್ಲಿನ ಸುತ್ತ ಮಂಡಿಯೂರಿ ಕತ್ತರಿಯಿಂದ ಹುಲ್ಲು ಸವರಿದ. "ನಿನ್ನ ಹೆಸರಿನ ಮೇಲೆ ಪಾಚಿ ಕಟ್ಟಿತ್ತು ಕಣೇ, ಉಜ್ಜಿ ಬಂದೆ" ಅನ್ನುತ್ತಿದ್ದ.

ಆ ಜಾಗವನ್ನು ಅವನಿಗೆ ಕೊಡುತ್ತಿದ್ದೇನೆ. ಗುರುವಾರ ಗುಂಡಿ ತೋಡಿಸು. ನೆಲ ಹೆಪ್ಪುಗಟ್ಟಿದೆ, ಮಣ್ಣು ಸಡಿಲವಾಗಲು ಹಿಂದಿನ ದಿನವೇ ಅದರ ಮೇಲೆ ಬೆಂಕಿ ಹಾಕಿಸಬೇಕಾದೀತು. ಕಲ್ಲನ್ನು ಮುಟ್ಟಬೇಡಿ, ಅವನ ತಲೆಯ ಬಳಿ ನನ್ನ ಹೆಸರೇ ಇರಲಿ.

ಹಾಗಾದರೆ ಅತ್ತಿಗೆಗೆ ಜಾಗವೆಲ್ಲಿ ಎಂದು ಸ್ಮಶಾನದ ಕಮಿಟಿಯವರು ಕೇಳಿದರೆ, ಪೇಟೆಯ ಸ್ಮಶಾನದಲ್ಲಿ ಯಾರ ಅಜ್ಜನ ಹೆಸರನ್ನೂ ಕೇಳುವುದಿಲ್ಲವಂತೆ ಎನ್ನು.

ಹುಲ್ಲು ಕೊಯ್ಯುವ ಯಂತ್ರ ನಮ್ಮ ಕೊಟ್ಟಿಗೆಯಲ್ಲಿದೆ. ಬಂದು ತೆಗೆದುಕೊಂಡು ಹೋಗು. ಮೇ ತಿಂಗಳ ಹೊತ್ತಿಗೆ ನಿಮ್ಮ ಹಿರೀಕರ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ.

ಇಂತಿ,
ಇನ್ನೂ ನಿನ್ನ ಅತ್ತಿಗೆಯೇ ಆಗಿರುವ
ರಾಗ್ನಾ